ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ಗೆ ಬಂದಾಗ ಕಾರ್ ಇನ್ಶೂರೆನ್ಸ್ ಹೆಂಗೆ ಆರಿಸಿದ್ವಿ: ನನ್ನ ಅನುಭವ

ಅಮೆರಿಕದಲ್ಲಿ ಕಾರ್ ಇನ್ಶೂರೆನ್ಸ್ ರೂಲ್ಸ್ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನಾವು ಸನ್ನಿವೇಲ್ ಬಿಟ್ಟು ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಬರೋವಾಗ ಹಳೇ ಪಾಲಿಸೀಲಿ ಅಡ್ರೆಸ್ ಬದಲಾಯಿಸಿದ್ರೆ ಆಯ್ತು ಅಂತ ಹೇಳಿದೋರು ಬಹಳ ಜನ, ಆದ್ರೆ ಅದೇ ಕಂಪನೀಲಿ ಮುಂದುವರಿದ್ರೂ ಹೊಸ ರಾಜ್ಯಕ್ಕೆ ಹೊಸ ಪಾಲಿಸಿನೇ ಬರೀಬೇಕು. ಇಲ್ಲಿಗೆ ಬಂದು 30 ದಿನದೊಳಗೆ ಗಾಡಿ ರಿಜಿಸ್ಟ್ರೇಷನ್ ಆಗ್ಬೇಕು, ಅದಕ್ಕೆ ಇನ್ಶೂರೆನ್ಸ್ ಪ್ರೂಫ್ ಬೇಕು. ಲೈಸೆನ್ಸ್‌ಗೆ 90 ದಿನ ಟೈಮ್ ಇದೆ. ಹಾಗಾಗಿ ಇನ್ಶೂರೆನ್ಸೇ ಮೊದಲು.

ಭಾರತದಿಂದ ಬಂದೋರು ಒಂದು ವ್ಯತ್ಯಾಸ ಚೆನ್ನಾಗಿ ತಿಳ್ಕೋಬೇಕು. ಅಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರನೇ ಗೊತ್ತು ಮಾಡತ್ತೆ, ಎದುರಿನೋರಿಗೆ ಗಾಯ ಆದ್ರೆ ಅಥವಾ ಜೀವ ಹೋದ್ರೆ ಟ್ರಿಬ್ಯೂನಲ್ ಹೇಳಿದ ಪರಿಹಾರಕ್ಕೆ ಪಾಲಿಸೀಲಿ ಮಿತಿ ಇಲ್ಲ, ಮಿತಿ ಇರೋದು ಆಸ್ತಿ ನಷ್ಟಕ್ಕೆ, ಏಳೂವರೆ ಲಕ್ಷ. ಇಲ್ಲಿ ಹಂಗಲ್ಲ. ನೀವು ಎಷ್ಟು ಲಿಮಿಟ್ ಕೊಂಡ್ಕೊಂಡಿರ್ತೀರೋ ಕಂಪನಿ ಅಷ್ಟೇ ಕೊಡೋದು, ಅದರ ಮೇಲಿನದು ನಿಮ್ಮ ತಲೆ ಮೇಲೆ. ರಾಜ್ಯ ಹೇಳೋ ಮಿನಿಮಮ್ ಅಂದ್ರೆ ಪೊಲೀಸ್ ಹಿಡಿದಾಗ ಫೈನ್ ಬೀಳದೇ ಇರೋಕೆ ಸಾಕು, ನಿಮ್ಮ ಮನೆ ಉಳಿಯೋಕೆ ಸಾಕು ಅಂತ ಅಲ್ಲ.

ಟೆಕ್ಸಾಸ್ ಮಿನಿಮಮ್ 30/60/25. ಅಂದ್ರೆ ನಮ್ಮ ತಪ್ಪಿಂದ ಗಾಯ ಆದ ಒಬ್ಬರಿಗೆ 30,000 ಡಾಲರ್, ಎಲ್ಲರಿಗೂ ಸೇರಿ 60,000, ಗಾಡಿ ಗೋಡೆ ಇತ್ಯಾದಿ ನಷ್ಟಕ್ಕೆ 25,000. ಕ್ಯಾಲಿಫೋರ್ನಿಯಾ ಬಹಳ ವರ್ಷ 15/30/5ರಲ್ಲೇ ಇದ್ದು 2025ರ ಜನವರಿಯಿಂದ 30/60/15 ಮಾಡಿದೆ. ಇಲ್ಲಿನ ರಸ್ತೇಲಿ ಕಾಣೋ ಒಂದು ಹೊಸ ಪಿಕಪ್ ಟ್ರಕ್ ಬೆಲೆನೇ 25,000 ದಾಟತ್ತೆ, ಇನ್ನು ಆಸ್ಪತ್ರೇಲಿ ಒಂದು ಆಪರೇಷನ್ ಆಗಿ ನಾಲ್ಕು ದಿನ ಮಲಗಿದ್ರೆ 30,000 ಎಲ್ಲಿಗೆ ಸಾಕು?

ಅದಕ್ಕೆ ನಾನು ರೇಟ್ ಕೇಳೋಕೆ ಮುಂಚೆ ನಮಗೆ ಏನೇನು ಬೇಕು ಅಂತ ಒಂದು ಹಾಳೇಲಿ ಬರ್ಕೊಂಡೆ, ಎಲ್ಲಾ ಕಂಪನಿಗೂ ಎಲ್ಲಾ ಏಜೆಂಟ್‌ಗೂ ಅದೇ ಹಾಳೆ ಕಳಿಸಿ, ಒಂದೇ ತಾರೀಖಿಂದ ಶುರುವಾಗೋ ಹಂಗೆ ಕೋಟ್ ಕೇಳಿದೆ. ಲಯಬಿಲಿಟಿ, ಅಂದ್ರೆ ನಮ್ಮ ತಪ್ಪಿಂದ ಬೇರೆಯವರಿಗೆ ಆದ ನಷ್ಟಕ್ಕೆ, 250/500/100. ಮುಂದೆ ಅಂಬ್ರೆಲಾ ಪಾಲಿಸಿ (ಈ ಲಿಮಿಟ್ ಮುಗಿದ ಮೇಲೆ ಕೆಲಸಕ್ಕೆ ಬರೋ ಹೆಚ್ಚುವರಿ ಲಯಬಿಲಿಟಿ) ತಗೋಬೇಕಾದ್ರೆ ಸಾಮಾನ್ಯವಾಗಿ 250/500 ಇರ್ಲೇಬೇಕು ಅಂತಾರೆ, ಅದೂ ಒಂದು ಕಾರಣ. ಮಿನಿಮಮ್‌ನಿಂದ ಇಲ್ಲಿಗೆ ಏರಿಸಿದ್ರೆ ಪ್ರೀಮಿಯಂ ಅಷ್ಟೇ ಪಟ್ಟು ಏರಲ್ಲ, ಇದನ್ನ ಎರಡೂ ಥರ ಕೋಟ್ ಹಾಕಿಸಿ ಕಣ್ಣಾರೆ ನೋಡಿ ಆಮೇಲೆ ತೀರ್ಮಾನ ಮಾಡಿ ಅಂತ ನನ್ನ ಕೋರಿಕೆ.

ಇನ್ನು ಅನ್‌ಇನ್ಶೂರ್ಡ್ ಮೋಟರಿಸ್ಟ್, ಎಲ್ಲರೂ ಯುಎಂ ಅಂತಾರೆ. ಇನ್ಶೂರೆನ್ಸೇ ಇಲ್ಲದೋನು ಅಥವಾ ಬರೀ ಮಿನಿಮಮ್ ಇಟ್ಕೊಂಡಿರೋನು ಬಂದು ಗುದ್ದಿದ್ರೆ ನಮ್ಮ ಖರ್ಚು ಇದರಿಂದ ಬರತ್ತೆ. ಟೆಕ್ಸಾಸ್‌ನಲ್ಲಿ ಕಂಪನಿ ಇದನ್ನೂ, ಪಿಐಪಿ ಅನ್ನೋದನ್ನೂ ಕೊಡ್ಲೇಬೇಕು, ಬೇಡ ಅಂದ್ರೆ ನಾವು ಬರವಣಿಗೇಲಿ ಬೇಡ ಅನ್ಬೇಕು. ಪಿಐಪಿ ಅಂದ್ರೆ ತಪ್ಪು ಯಾರದೇ ಇರ್ಲಿ ನಮ್ಮ ಕಾರಲ್ಲಿ ಇದ್ದೋರ ಆಸ್ಪತ್ರೆ ಖರ್ಚು, ಜೊತೆಗೆ ಕೆಲಸಕ್ಕೆ ಹೋಗೋಕಾಗದೆ ತಪ್ಪಿದ ಸಂಬಳದ 80% ಕೊಡೋದು, ಲಿಮಿಟ್ ಒಳಗೆ. ಕನಿಷ್ಠ 2,500 ಡಾಲರ್ ಇರತ್ತೆ, ನಾವು 10,000 ತಗೊಂಡ್ವಿ. ಯಾಕಂದ್ರೆ ವರ್ಷ ಬಿಟ್ಟು ವರ್ಷ ಅಪ್ಪ ಅಮ್ಮ, ಇಲ್ಲಾ ಅತ್ತೆ ಮಾವ ತುಮಕೂರಿಂದ ಬರ್ತಾರೆ, ಅವರಿಗಿರೋದು ವಿಸಿಟರ್ ಇನ್ಶೂರೆನ್ಸ್ ಮಾತ್ರ, ಅದರಲ್ಲೂ ಡಿಡಕ್ಟಿಬಲ್ (ಮೊದಲು ನಾವೇ ಕೈಯಿಂದ ಕೊಡ್ಬೇಕಾದ ಮೊತ್ತ), ವಯಸ್ಸಾದೋರಿಗೆ ಕಡಿಮೆ ಲಿಮಿಟ್, ಹಿಂದಿನ ಸೀಟಲ್ಲಿ ಕೂರೋ ಅವರಿಗೂ ಈ ಪಿಐಪಿ ಅನ್ವಯ ಆಗತ್ತೆ.

ಇಲ್ಲೇ ಹುಷಾರಾಗಿರ್ಬೇಕಾದ್ದು. ಒಬ್ಬ ಏಜೆಂಟ್ ಕಳಿಸಿದ ಕೋಟ್ ಎಲ್ಲಕ್ಕಿಂತ ಕಡಿಮೆ ಇತ್ತು, ಸಹಿಗೆ ಕಳಿಸಿದ ಪೇಪರ್‌ಗಳನ್ನ ಒಂದೊಂದಾಗಿ ತೆಗೆದು ಓದಿದಾಗ ಮಧ್ಯದಲ್ಲಿ ಪಿಐಪಿ ಬೇಡ ಅನ್ನೋ ಫಾರಂ ಸೇರಿತ್ತು, ಯುಎಂ ಕೂಡ 30/60ಕ್ಕೆ ಇಳಿದಿತ್ತು. ನಾನು ಕಳಿಸಿದ ಹಾಳೇಲಿ ಪಿಐಪಿ, ಯುಎಂ ಎಷ್ಟೆಷ್ಟು ಬೇಕು ಅಂತ ಸ್ಪಷ್ಟವಾಗಿ ಬರೆದಿದ್ದೆ. ಅವರು ಸರಿ ಮಾಡಿ ಕಳಿಸಿದ ಮೇಲೆ ಆ ರೇಟೂ ಬೇರೆಯವರ ರೇಟಿನ ಹತ್ತಿರಕ್ಕೇ ಬಂತು. ಫೋನಲ್ಲೇ ಬೆರಳಲ್ಲಿ ಸಹಿ ಎಳೆದು ಕಳಿಸ್ಬೇಡಿ, ದಯವಿಟ್ಟು ಲ್ಯಾಪ್‌ಟಾಪ್‌ನಲ್ಲಿ ತೆಗೆದು ಪ್ರತಿ ಪುಟ ಓದಿ.

ಆಲಿಕಲ್ಲು ಮಳೆ ವಿಷಯ ಬಿಡೋ ಹಾಗಿಲ್ಲ. ನಾವು ಮೊದಲಿದ್ದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಯಾರೂ ಯೋಚನೆ ಮಾಡಲ್ಲ, ಉತ್ತರ ಟೆಕ್ಸಾಸ್‌ನಲ್ಲಿ ವಸಂತ ಬಂತು ಅಂದ್ರೆ ಗಾಲ್ಫ್ ಚೆಂಡಿನ ಗಾತ್ರದ್ದೂ ಬೀಳತ್ತೆ. ಅದರ ನಷ್ಟ ಬರೋದು ಕಾಂಪ್ರಿಹೆನ್ಸಿವ್‌ನಲ್ಲಿ (ಕಳ್ಳತನ, ಮಳೆ ಗಾಳಿಯಂಥ ನಷ್ಟಕ್ಕೆ), ಕೊಲಿಷನ್‌ನಲ್ಲಿ (ನಮ್ಮ ಕಾರು ಗುದ್ದಿ ಆದ ನಷ್ಟಕ್ಕೆ) ಅಲ್ಲ. ಅದಕ್ಕೆ ಎರಡಕ್ಕೂ ಬೇರೆ ಬೇರೆ ಡಿಡಕ್ಟಿಬಲ್ ಇಟ್ವಿ: ನಮ್ಮ ರಾವ್4 ಕಾರಿಗೆ ಕೊಲಿಷನ್ 1,000, ಕಾಂಪ್ರಿಹೆನ್ಸಿವ್ 500. ಹಳೇ ಸಿವಿಕ್‌ಗೆ ಕೊಲಿಷನ್ ತೆಗೆಸಿಬಿಟ್ವಿ, ಕಾಂಪ್ರಿಹೆನ್ಸಿವ್ ಉಳಿಸ್ಕೊಂಡ್ವಿ. ಯುಎಂ ಜೊತೆ ಪ್ರಾಪರ್ಟಿ ಡ್ಯಾಮೇಜ್ ಭಾಗನೂ ತಗೊಂಡಿರೋದ್ರಿಂದ ಇನ್ಶೂರೆನ್ಸ್ ಇಲ್ಲದೋನು ಸಿವಿಕ್‌ಗೆ ಗುದ್ದಿದ್ರೂ 250 ಡಾಲರ್ ಡಿಡಕ್ಟಿಬಲ್ ಹೋಗಿ ಉಳಿದದ್ದು ಬರತ್ತೆ. ಕ್ಯಾಲಿಫೋರ್ನಿಯಾದಲ್ಲಿ ಈ ಭಾಗಕ್ಕೆ 3,500 ಡಾಲರ್ ಮಿತಿ ಇತ್ತು, ಅದಕ್ಕೇ ಅಲ್ಲಿ ಈ ಲೆಕ್ಕ ಕೂಡ್ತಿರ್ಲಿಲ್ಲ.

ರೇಟ್ ವಿಷಯಕ್ಕೆ ಬಂದ್ರೆ, ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನ ಓಟ್ ಹಾಕಿ ತಂದ ಪ್ರಾಪೊಸಿಷನ್ 103 ಪ್ರಕಾರ ಮೊದಲು ನೋಡೋದು ಡ್ರೈವಿಂಗ್ ರೆಕಾರ್ಡ್, ಆಮೇಲೆ ವರ್ಷಕ್ಕೆ ಎಷ್ಟು ಮೈಲಿ, ಆಮೇಲೆ ಎಷ್ಟು ವರ್ಷದ ಅನುಭವ. ಕ್ರೆಡಿಟ್ ಸ್ಕೋರ್ ನೋಡೋ ಹಾಗಿಲ್ಲ, ರೇಟ್ ಏರಿಸೋಕೆ ಮುಂಚೆ ರಾಜ್ಯದ ಒಪ್ಪಿಗೆ ಬೇಕು. ಟೆಕ್ಸಾಸ್‌ನಲ್ಲಿ ಕಂಪನಿ ರೇಟನ್ನ ಇಲಾಖೆಗೆ ಫೈಲ್ ಮಾಡಿ, ಒಪ್ಪಿಗೆಗೆ ಕಾಯದೆ ಬಳಸಬಹುದು, ಕ್ರೆಡಿಟ್ ಕೂಡ ನೋಡ್ತಾರೆ, ಆದ್ರೆ ಕ್ರೆಡಿಟ್ ಒಂದೇ ಕಾರಣಕ್ಕೆ ಪಾಲಿಸಿ ಕೊಡಲ್ಲ ಅನ್ನೋ ಹಾಗಿಲ್ಲ. ಎಚ್1ಬಿ ವೀಸಾ ಮೇಲೆ ಈಗಷ್ಟೇ ಬಂದ ಹುಡುಗ ಹುಡುಗೀರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಊರಲ್ಲಿ ಹತ್ತು ವರ್ಷ ಆಕ್ಸಿಡೆಂಟ್ ಇಲ್ಲದೆ ಓಡಿಸಿದ್ರೂ ಇಲ್ಲಿ ಕ್ರೆಡಿಟ್ ಹಿಸ್ಟರಿ ಇನ್ನೂ ಹುಟ್ಟಿರಲ್ಲ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ತೂಕ ಕೊಡೋದ್ರಿಂದ ಒಂದೇ ಹಾಳೆಗೆ ಬರೋ ರೇಟ್ ಎಷ್ಟೋ ಹಿಂದೆ ಮುಂದೆ ಇರತ್ತೆ, ಒಂದೆರಡು ಕಡೆ ಕೇಳಿ ನಿಲ್ಲಿಸ್ಬೇಡಿ, ಹಲವು ಕಂಪನಿ ಇಟ್ಕೊಂಡಿರೋ ಇಂಡಿಪೆಂಡೆಂಟ್ ಏಜೆಂಟ್ ಹತ್ರನೂ ಕೇಳಿ.

ಕೊನೇಲಿ ಹತ್ತಿರ ಹತ್ತಿರ ರೇಟಿನ ಎರಡು ಕಂಪನಿ ಉಳಿದ್ವು. ಟೆಕ್ಸಾಸ್ ಇನ್ಶೂರೆನ್ಸ್ ಇಲಾಖೆಯವರ ಹೆಲ್ಪ್‌ಇನ್ಶೂರ್ ಸೈಟಲ್ಲಿ ಕಂಪನಿಗಳ ಮೇಲಿನ ಕಂಪ್ಲೇಂಟ್ ಲೆಕ್ಕ ಸಿಗತ್ತೆ, ಅದರಲ್ಲಿ ಕಂಪ್ಲೇಂಟ್ ಕಡಿಮೆ ಇದ್ದಿದ್ದನ್ನ ತಗೊಂಡ್ವಿ, ಅದು ಸ್ವಲ್ಪ ಜಾಸ್ತಿನೇ ಆಯ್ತು, ಪರವಾಗಿಲ್ಲ. ಹೊಸದು ಶುರುವಾದ ದಿನಾನೇ ಹಳೇದು ಕ್ಯಾನ್ಸಲ್ ಆಗೋ ಹಂಗೆ ಮಾಡಿದೆ, ಮಧ್ಯೆ ಒಂದು ದಿನ ಗ್ಯಾಪ್ ಬಿದ್ರೂ ಮುಂದಿನ ರೇಟಿಗೆ ಪೆಟ್ಟು ಬೀಳಬಹುದು. ನಮ್ಮದು ಆರು ತಿಂಗಳ ಪಾಲಿಸಿ, ಪ್ರತಿ ರಿನ್ಯೂವಲ್ ಪೇಪರ್ ಬಂದಾಗ ಡಿಕ್ಲರೇಷನ್ಸ್ ಪೇಜ್ (ಯಾವುದಕ್ಕೆ ಎಷ್ಟು ಲಿಮಿಟ್, ಎಷ್ಟು ರೇಟ್ ಅಂತ ಇರೋ ಪುಟ) ಪ್ರಿಂಟ್ ತೆಗೆದು ಅದೇ ಹಾಳೆ ಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕ್ತೀನಿ, ರೇಟ್ ತುಂಬಾ ಏರಿದ್ರೆ ಮಾತ್ರ ಮತ್ತೆ ಹೊರಗೆ ಕೋಟ್ ಕೇಳ್ತೀನಿ.