ಹಲ್ಲು ಕೀಳಿಸಿದ ಮೇಲೆ ಡ್ರಗ್ ಟೆಸ್ಟ್ ಇದ್ದರೆ

ಕೆಲಸಕ್ಕೆ ಸೇರುವ ಮುಂಚೆ ಡ್ರಗ್ ಟೆಸ್ಟ್ ಇದ್ದು, ಅದೇ ಹೊತ್ತಿಗೆ ಹಲ್ಲು ಕೀಳಿಸಿದ್ದರೋ ರೂಟ್ ಕೆನಾಲ್ ಮಾಡಿಸಿದ್ದರೋ, ಡಾಕ್ಟರ್ ಚೀಟಿ, ಔಷಧಿ ಬಿಲ್ಲು, ಮಾತ್ರೆ ಸ್ಟ್ರಿಪ್ ಮೂರರದ್ದೂ ಫೋಟೊ ಇಟ್ಕೊಂಡು ಸ್ಯಾಂಪಲ್ ಕೊಡುವಾಗಲೇ ತೋರಿಸಿ. ಕೊಡೀನ್ (ಅಫೀಮಿನ ಜಾತಿಯ ಔಷಧಿ) ಇರುವ ನೋವಿನ ಮಾತ್ರೆ ದೇಹದೊಳಗೆ ಒಂದಿಷ್ಟು, ಡ್ರಗ್ ಟೆಸ್ಟ್ ಹುಡುಕುವ ಮಾರ್ಫಿನ್ ಆಗಿ ಬದಲಾಗುತ್ತೆ. ಲ್ಯಾಬಿನವರು ಎರಡನೇ ಸಲ ಸೂಕ್ಷ್ಮವಾಗಿ ಪರೀಕ್ಷಿಸಿದರೂ ಅದೇ ಸಿಗುತ್ತೆ; ಅದು ಡಾಕ್ಟರ್ ಬರೆದ ಔಷಧಿ ಅಂತ ಹೇಳೋಕೆ ಚೀಟಿಯೇ ಬೇಕು. ಹೆದರಿಕೆ ಕಡಿಮೆಯಾಗಲಿ ಅಂತ ಕೊಡುವ ಡಯಾಜೆಪಾಮ್, ಅಲ್ಪ್ರಜೋಲಾಮ್ ಕೂಡ ಟೆಸ್ಟಿನಲ್ಲಿ ಸಿಗಬಹುದು, ಅವಕ್ಕೂ ಚೀಟಿ ಬೇಕು. ಮರಗಟ್ಟಿಸೋಕೆ ಒಸಡಿಗೆ ಚುಚ್ಚುವ ಲಿಡೊಕೇನ್ ಬಗ್ಗೆ ಮಾತ್ರ ಚಿಂತೆ ಬೇಡ, ಅದು ಕೊಕೇನ್ ಅಂತ ತೋರಿಸಲ್ಲ. ಟೆಸ್ಟ್ ಹುಡುಕೋದು ಕೊಕೇನ್ ಒಡೆದು ಆಗುವ ಬೇರೆಯೇ ವಸ್ತುವನ್ನ. ನಮ್ಮ ಸಾಗರ, ಹೊಸನಗರ ಕಡೆ ಅಂಗಡಿಯಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರಿರುವ ತುದಿ ಅಲ್ಲೇ ಉಳಿದುಬಿಡುತ್ತೆ, ಹಾಗಾಗಿ ಕತ್ತರಿಸುವ ಮುಂಚೆಯೇ ಫೋಟೊ ತಗೊಳ್ಳಿ. ಚೀಟಿ ಕಳೆದಿದ್ದರೆ ಅದೇ ಅಂಗಡಿಗೆ ಹೋಗಿ ಕೇಳಿ: ಈ ಮೇಲಿನ ಕೊಡೀನ್, ಡಯಾಜೆಪಾಮ್, ಅಲ್ಪ್ರಜೋಲಾಮ್ ಬರುವ ಶೆಡ್ಯೂಲ್ ಎಚ್1 (ಚೀಟಿ ನೋಡಿಯೇ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿ) ಔಷಧಿಗೆ ರೋಗಿಯ, ಡಾಕ್ಟರ ಹೆಸರು ಬರೆದ ರಿಜಿಸ್ಟರನ್ನ ಅವರು 3 ವರ್ಷ ಇಟ್ಟಿರಬೇಕು. ಮನೆಯಲ್ಲಿ ಅಪ್ಪಯ್ಯನಿಗೆ ಬರೆದುಕೊಟ್ಟು ಉಳಿದಿದ್ದ ಮಾತ್ರೆ ನುಂಗಿದ್ದರೆ, ಮಳೆಗಾಲದ ಕೆಮ್ಮಿಗೆ ಚೀಟಿ ಇಲ್ಲದೆ ಕೊಡೀನ್ ಸಿರಪ್ ಕುಡಿದಿದ್ದರೆ ಈ ಉಪಾಯ ನಡೆಯಲ್ಲ. ಬಸ್ಸು, ಲಾರಿ, ಹಡಗಿನ ಕೆಲಸಕ್ಕೆ ಚೀಟಿ ಇದ್ದರೂ ತಡೆಹಿಡಿಯಬಹುದು. ಬರೆದುಕೊಟ್ಟ ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ. ಕುರ್ಚಿಯಲ್ಲಿ ಕೂರುವ ಮೊದಲೇ ಟೆಸ್ಟ್ ಇದೆ ಅಂತ ದಂತವೈದ್ಯರಿಗೆ ಹೇಳಿ, ಎಷ್ಟೋ ಸಲ ಬರೀ ಐಬುಪ್ರೊಫೆನ್, ಪ್ಯಾರಸಿಟಮಾಲ್‌ನಲ್ಲೇ ನೋವು ತಡೆಯುತ್ತೆ.