ಬೊರಿಯಲ್ ಕಾಡಿನ ನೆಲದಲ್ಲಿ ಕಂಡದ್ದು: ನನ್ನ ಅನುಭವ

ಉತ್ತರ ಸ್ವೀಡನ್ನಿನ ಉಮಿಯೊ ನಗರದಿಂದ ಸುಮಾರು ಒಂದು ಗಂಟೆ ದಾರಿ, ವಿಂಡೆಲ್ನ್ ಅಂತ ಊರು. ಅದರ ಸುತ್ತಲಿನ ಬೊರಿಯಲ್ (ಉತ್ತರದ ಚಳಿ ಸೀಮೆಯ) ಪೈನ್, ಸ್ಪ್ರೂಸ್ ಕಾಡುಗಳಲ್ಲಿ ಮಣ್ಣಿನ ಮಾದರಿ ತೆಗೆಯುವುದು ನನ್ನ ಕೆಲಸ. ಕಾಡಿಗೆ ಬಂದವರೆಲ್ಲ ತಲೆ ಎತ್ತಿ ಮರ ನೋಡುತ್ತಾರೆ. ಇಲ್ಲಿ ಮರದ ಜಾತಿಗಳು ಬೆರಳೆಣಿಕೆಯಷ್ಟೇ. ಕಾಡು ಹೇಗೆ ಬದುಕುತ್ತದೆ ಅಂತ ತಿಳಿಯಬೇಕಾದರೆ ಕಾಲಡಿ ನೋಡಬೇಕು.

ಉಕ್ಕಿನ ಕೊಳವೆಯನ್ನು ನೆಲಕ್ಕೆ ಒತ್ತಿ, ತಿರುಗಿಸಿ ಮೇಲಕ್ಕೆಳೆದರೆ ಪದರಗಳು ಇದ್ದ ಹಾಗೇ ಬರುತ್ತವೆ. ಮೇಲೆ ಮೆತ್ತನೆಯ ಪಾಚಿ. ಅದರಡಿ ಇನ್ನೂ ಗುರುತು ಸಿಗುವ ಸೂಜಿ ಎಲೆಗಳು. ಆಮೇಲೆ ಬೇರುಗಳು ಹೆಣೆದುಕೊಂಡ ಕಪ್ಪು ಹ್ಯೂಮಸ್, ಅಂದರೆ ಕೊಳೆತ ಎಲೆ-ಕಸದ ಪದರ. ಇದನ್ನು ಹಳೇ ಕಂಬಳಿ ಥರ ನೆಲದಿಂದ ಎಬ್ಬಿಸಬಹುದು. ಅದರ ಕೆಳಗೆ ಬೂದಿ ಬಣ್ಣದ ಮರಳು, ಇನ್ನೂ ಕೆಳಗೆ ತುಕ್ಕುಗೆಂಪು. ಹುಳಿ (ಆಮ್ಲೀಯ) ನೀರು ಮೇಲಿನ ಕಬ್ಬಿಣವನ್ನು ಕೆಳಗೆ ಇಳಿಸಿದ ಗುರುತು ಅದು. ಮಲೆನಾಡಿನಲ್ಲಿ ಉದುರಿದ ಎಲೆ ಬೇಗ ಮಣ್ಣಾಗುತ್ತದೆ. ಇಲ್ಲಿ ಚಳಿ ಜಾಸ್ತಿ, ಮಣ್ಣು ಹುಳಿ. ಎಲೆ ಕೊಳೆಯಲು ವರ್ಷಗಟ್ಟಲೆ ಬೇಕು. ಸಾರಜನಕ ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಹಾಗಾಗಿ ಮರಕ್ಕೆ ಯಾವಾಗಲೂ ಕೊರತೆ.

ಆ ಸಾರಜನಕವನ್ನು ಬಿಡಿಸಿ ಮರಕ್ಕೆ ಮುಟ್ಟಿಸುವುದು ಶಿಲೀಂಧ್ರ. ಹ್ಯೂಮಸ್ ತುಂಡನ್ನು ನೀರಿನಲ್ಲಿ ನೆನೆಸಿ, ಸೂಕ್ಷ್ಮದರ್ಶಕದಡಿ ಚಿಮಟದಿಂದ ಬೇರು ಆರಿಸುತ್ತೇನೆ. ಪೈನ್ ಬೇರಿನ ತುದಿ ಎರಡಾಗಿ ಕವಲೊಡೆದಿರುತ್ತದೆ. ಮೇಲೆ ಶಿಲೀಂಧ್ರದ ಹೊದಿಕೆ, ಒಂದು ಕಡೆ ಬಿಳಿ, ಪಕ್ಕದಲ್ಲೇ ಇನ್ನೊಂದು ಕಪ್ಪು. ಹೊದಿಕೆಯಿಲ್ಲದ ತುದಿ ಹುಡುಕಿದರೂ ಸಿಗುವುದು ಕಷ್ಟ.

ಈ ಶಿಲೀಂಧ್ರಕ್ಕೆ ಊಟ ಕೊಡುವುದು ಮರ. ವಿಜ್ಞಾನಿ ಪೀಟರ್ ಹೆಗ್‌ಬರ್ಗ್ ಮತ್ತು ಜೊತೆಗಾರರು ಇದೇ ವಿಂಡೆಲ್ನ್ ಹತ್ತಿರ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಪೈನ್ ಮರಗಳ ಕಾಂಡದ ಸುತ್ತ ತೊಗಟೆಯನ್ನು ಪಟ್ಟಿಯಾಗಿ ಸುಲಿದರು. ನೀರು ಮೇಲೇರುವುದು ನಿಲ್ಲಲಿಲ್ಲ, ಎಲೆ ಹಸಿರಾಗೇ ಇತ್ತು. ಸಕ್ಕರೆ ಮಾತ್ರ ಬೇರಿಗೆ ಇಳಿಯಲಿಲ್ಲ. ಒಂದೆರಡು ತಿಂಗಳಲ್ಲಿ ಮಣ್ಣಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಶೇಕಡಾ 54ರಷ್ಟು ಕಡಿಮೆಯಾಯಿತು. 2001ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅಂದರೆ ಮಣ್ಣಿನ ಉಸಿರಾಟದ ಅರ್ಧದಷ್ಟು ಹಳೇ ಕಸ ಕೊಳೆಯುವುದರಿಂದ ಅಲ್ಲ, ಎಲೆ ಈಗಷ್ಟೇ ಮಾಡಿದ ಸಕ್ಕರೆಯಿಂದ ನಡೆಯುತ್ತದೆ. ಎಂಥ ವಿಷಯ ಅಲ್ವಾ!

ಇನ್ನು ಹೊಸ ಸಾರಜನಕ ಎಲ್ಲಿಂದ? ಪಾಚಿಯಿಂದ. ಪ್ಲುರೋಜಿಯಂ ಅನ್ನುವ ಕೆಂಪು ದಂಟಿನ ಪಾಚಿಯ ಎಲೆಗಳ ಸಂದಿಯಲ್ಲಿ ನಾಸ್ಟಾಕ್ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. 2002ರ ಅಧ್ಯಯನದ ಪ್ರಕಾರ ಹೆಕ್ಟೇರಿಗೆ ವರ್ಷಕ್ಕೆ 1.5ರಿಂದ 2 ಕಿಲೋ. ಹೊಲದ ಲೆಕ್ಕದಲ್ಲಿ ಏನೇನೂ ಅಲ್ಲ, ಈ ಕಾಡಿಗೆ ಅದೇ ದೊಡ್ಡದು. ಅಳೆಯುವ ವಿಧಾನ ಸರಳ. ಪಾಚಿಯ ಕೆಲವು ಎಳೆಗಳನ್ನು ಗಾಜಿನ ಬಾಟಲಿಗೆ ಹಾಕಿ, ಒಳಗಿನ ಗಾಳಿಯಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದು ಅಸಿಟಿಲಿನ್ ತುಂಬುತ್ತೇನೆ. ಗ್ಯಾಸ್ ವೆಲ್ಡಿಂಗಿಗೆ ಬಳಸುತ್ತಾರಲ್ಲ, ಅದೇ ಅನಿಲ. ಸಾರಜನಕ ಹಿಡಿಯುವ ಕಿಣ್ವದಿಂದಲೇ ಬ್ಯಾಕ್ಟೀರಿಯಾ ಅದನ್ನು ಎಥಿಲೀನ್ ಅನ್ನುವ ಇನ್ನೊಂದು ಅನಿಲ ಮಾಡುತ್ತದೆ. ಎಷ್ಟು ಎಥಿಲೀನ್ ಆಯಿತು ಅಂತ ನೋಡಿದರೆ ಬ್ಯಾಕ್ಟೀರಿಯಾ ಎಷ್ಟು ಚುರುಕಾಗಿದೆ ಅಂತ ಗೊತ್ತಾಗುತ್ತದೆ. ಒಣಗಿದ ಪಾಚಿ ಸುಮ್ನೆ ಮಲಗಿರುತ್ತದೆ. ಅದಕ್ಕೇ ಮೊದಲು ನೀರು ಚಿಮುಕಿಸಬೇಕು. ಬೆಂಕಿ ಕಾಣದೆ ಹಳೆಯದಾದ ಕಾಡಿನ ಪಾಚಿ ಹೆಚ್ಚು ಸಾರಜನಕ ಹಿಡಿಯುತ್ತದೆ. ಗೊಬ್ಬರ ಬಿದ್ದ ಕಡೆ ತೀರಾ ಕಡಿಮೆ.

ಇಷ್ಟೆಲ್ಲ ನೋಡಿದ ಮೇಲೆ, ಪೂರ್ತಿ ಬೋಳು ಮಾಡಿ ಕಡಿಯುವುದನ್ನು ನಾನು ಒಪ್ಪಲಾರೆ. ಮರ ಹೋದರೆ ಸಕ್ಕರೆಯೂ ಹೋಯಿತು, ಬೇರಿನ ಶಿಲೀಂಧ್ರ ಹಸಿವಿನಿಂದ ಸಾಯುತ್ತದೆ. ಅಲ್ಲಲ್ಲಿ ಮರ ಉಳಿಸಿದರೆ ಅವುಗಳ ಬೇರಿನಲ್ಲಿ ಅದು ಜೀವ ಹಿಡಿದಿರುತ್ತದೆ, ಹೊಸ ಸಸಿಗಳಿಗೆ ಅಲ್ಲಿಂದಲೇ ಹಬ್ಬುತ್ತದೆ. ಅದಕ್ಕೇ ಕಡಿದ ಜಾಗಕ್ಕೆ ಹೋದಾಗ ಉಳಿದ ಮರದ ಬುಡದಲ್ಲಿ ಒಂದು, ದೂರದ ಬಯಲಿನಲ್ಲಿ ಒಂದು ಅಂತ ಜೋಡಿ ಮಾದರಿ ತೆಗೆಯುತ್ತೇನೆ.