ಚಿಕ್ಕ ಧಕ್ಕೆಗೆ ಕಸ್ಟಮ್ಸ್ ಒಪ್ಪಿಗೆ: ಎಲ್ಲ ಕೇಳದೆ ತುಂಡು ಕೇಳಿದ್ದು

ನಮ್ಮ ಧಕ್ಕೆಗೂ (ಜೆಟ್ಟಿಗೂ) ಕಸ್ಟಮ್ಸ್ ಕಾಯ್ದೆಯ ಎಂಟನೇ ಸೆಕ್ಷನ್ ಆದೇಶ ಬಂತು, ಅಂದರೆ ಇಲ್ಲಿ ಹೊರದೇಶದ ಮಾಲು ಇಳಿಸಬಹುದು ಎಂಬ ಒಪ್ಪಿಗೆ. ಫೋಟೊ ತೆಗೆದು ಹಡಗಿನ ಮಾಲು ಇಳಿಸುವ ಸ್ಟೀವಡೋರ್‌ಗಳ ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಫೋನು ಶುರುವಾಯಿತು, ಹಡಗು ಬರತೊಡಗಿದ ಮೇಲೂ ನಿಂತಿಲ್ಲ. ಸ್ಕ್ಯಾನರ್ ಹಾಕಿದಿರಾ? ಎಷ್ಟು ಎಕರೆ ತೋರಿಸಿದಿರಿ? ದೆಹಲಿಯಲ್ಲಿ ಯಾರನ್ನು ಹಿಡಿದಿರಿ? ಸ್ಕ್ಯಾನರ್ ಇಲ್ಲ, ಎರಡು ಎಕರೆ ಚಿಲ್ಲರೆ, ದೆಹಲಿಗೆ ಹೋಗೇ ಇಲ್ಲ. ಒಬ್ಬೊಬ್ಬರಿಗೆ ಹೇಳುತ್ತಾ ಕೂರುವುದಕ್ಕಿಂತ ಬರೆದುಬಿಡುತ್ತೇನೆ. "ಈ ಧಕ್ಕೆಗೆ ಯಾರು ಒಪ್ಪಿಗೆ ಕೊಡ್ತಾರೆ" ಎಂದು ಚಹಾ ಕುಡಿಯುತ್ತಾ ನಕ್ಕವರೂ ಓದಲಿ.

ಊರಿನ ಹೆಸರು ಬೇಡ, ಉತ್ತರ ಕನ್ನಡದ ಕರಾವಳಿ ಅಂದರೆ ಸಾಕು. ಲೀಸಿಗೆ ಪಡೆದ ಹಳೇ ಧಕ್ಕೆ. ನೀರು ಕಡಿಮೆ, ಹಡಗು ಹತ್ತಿರ ಬರುವುದಿಲ್ಲ. ಹೊರಗೆ ಲಂಗರು ಹಾಕಿ ಬಾರ್ಜಿನಲ್ಲಿ (ಚಪ್ಪಟೆ ತಳದ ಸರಕು ದೋಣಿಯಲ್ಲಿ) ಮಾಲು ತರಬೇಕು. ಮಳೆಗಾಲದ ನಾಲ್ಕು ತಿಂಗಳು ಆ ಕೆಲಸವೂ ಇಲ್ಲ. ಮಾಲು ಒಮಾನಿನ ಜಿಪ್ಸಂ. ಅರಬೈಲ್ ಘಟ್ಟ ಹತ್ತಿ ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿಸಿ ಅಲ್ಲಿಂದ ಲಾರಿ ಓಡಿಸುವುದಕ್ಕಿಂತ ಟನ್ನಿಗೆ ಇನ್ನೂರು ರೂಪಾಯಿಯಾದರೂ ಉಳಿಯುತ್ತದೆ ಎಂಬ ಲೆಕ್ಕ ಸಿಕ್ಕಿತ್ತು. ಅದಕ್ಕೇ ಇಷ್ಟೆಲ್ಲ.

ಮೊದಲ ಅರ್ಜಿ ನಾನು ಬರುವ ಮೊದಲಿನದು. ಒಬ್ಬ ಸಲಹೆಗಾರರು ಮಾಡಿಕೊಟ್ಟಿದ್ದರು. ದಪ್ಪ ಫೈಲು, ಬಣ್ಣದ ನಕ್ಷೆ, ಸ್ಪೈರಲ್ ಬೈಂಡಿಂಗ್, ಫೀಸು ಏಳು ಲಕ್ಷದ ಹತ್ತಿರ. ಒಳಗೆ ಕೇಳಿದ್ದು ಏನು? ಏಳನೇ ಸೆಕ್ಷನ್ ಕೆಳಗೆ ಹೊಸ ಕಸ್ಟಮ್ಸ್ ಬಂದರು! ಅದು ದೆಹಲಿಯ ಕಸ್ಟಮ್ಸ್ ಮಂಡಳಿಯ ಕೆಲಸ. ಫೈಲು ಹೋಯಿತು, ಅಲ್ಲೇ ಕೂತಿತು. ನಮ್ಮ ಬಂದರಿನ ಹೆಸರು ಕಸ್ಟಮ್ಸ್ ಬಂದರುಗಳ ಪಟ್ಟಿಯಿರುವ 1994ರ 62ನೇ ನಂಬರಿನ ಅಧಿಸೂಚನೆಯಲ್ಲಿ ಆಗಲೇ ಇತ್ತು. ಬಂದರಾಗಿರುವುದನ್ನೇ ಮತ್ತೆ ಬಂದರು ಮಾಡಿ ಎಂದರೆ ಯಾರಾದರೂ ಏನು ಮಾಡಬೇಕು? ನಮಗೆ ಬೇಕಿದ್ದದ್ದು ಆ ಬಂದರಿನ ಒಳಗೆ ಈ ಧಕ್ಕೆಯನ್ನು ಮಾಲು ಇಳಿಸುವ ಜಾಗ ಎಂದು ಒಪ್ಪುವುದು, ಮತ್ತು ಕಸ್ಟಮ್ಸ್ ಪ್ರದೇಶದ ಗಡಿ ಗುರುತಿಸುವುದು. ಎರಡೂ ಎಂಟನೇ ಸೆಕ್ಷನ್. ಕಮಿಷನರ್ ಸಹಿ ಸಾಕು. ಒಂದು ಮಾತು: 62/94ರ ಪಟ್ಟಿಯಲ್ಲಿ ಊರಿನ ಹೆಸರು ಕಂಡ ಕೂಡಲೇ ಕುಣಿಯಬೇಡಿ, ಎದುರಿನ ಕಾಲಂ ಓದಿ. ಕೆಲವು ಬಂದರಿಗೆ ಇಂಥ ಮಾಲು ಮಾತ್ರ ಎಂದು ಕಟ್ಟು ಹಾಕಿರುತ್ತಾರೆ. ನಮ್ಮದಕ್ಕೆ ಆ ಕಟ್ಟು ಇರಲಿಲ್ಲ.

ಈಗ ಅಸಲು ವಿಷಯ. ಎಂಟನೇ ಸೆಕ್ಷನ್ ಓದಿದವರೆಲ್ಲ "ಮಾಲು ಇಳಿಸುವ, ಏರಿಸುವ ಜಾಗ" ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅದರ ಬೆನ್ನಿಗೇ "ಅಥವಾ ಯಾವುದೇ ವರ್ಗದ ಮಾಲಿಗೆ" ಅಂತ ಇದೆ. ನಾನು ಹಿಡಿದದ್ದು ಆ ಬಾಲವನ್ನು. ಇಡೀ ಯಾರ್ಡು, ಎಲ್ಲ ಮಾಲು, ಆಮದು ರಫ್ತು ಎರಡೂ ಎಂದು ಕೇಳಿದರೆ 2009ರ ಕಾರ್ಗೋ ನಿರ್ವಹಣೆ ನಿಯಮಗಳ ಐದನೇ ನಿಯಮ ಪೂರ್ತಿ ತಲೆ ಮೇಲೆ ಬೀಳುತ್ತದೆ. ಕಾಂಕ್ರೀಟ್ ನೆಲ, ಆಮದು, ರಫ್ತು ಮತ್ತು ಬೇರೆ ಕಡೆಗೆ ದಾಟಿಸುವ ಮಾಲಿಗೆ ಬೇರೆ ಬೇರೆ ಗೋದಾಮು, ಒಳಗೆ ಹೊರಗೆ ಬೇರೆ ಗೇಟು, ಸ್ಕ್ಯಾನರಿಗೆ ಜಾಗ, ಹರಾಜಿನ ವ್ಯವಸ್ಥೆ. ನಿಮಗೆ ಗೊತ್ತಿರುವ ಪಟ್ಟಿಯೇ. ಸಲಹೆಗಾರರ ಅಂದಾಜು ಮೂರು ಕೋಟಿ ದಾಟಿತ್ತು. ನಾನು ಕೇಳಿದ್ದು ಇಷ್ಟೇ: ಚೀಲಕ್ಕೆ ತುಂಬದ ಸಡಿಲ ಜಿಪ್ಸಂ, ಆಮದು ಮಾತ್ರ, ಕಂಟೇನರ್ ಇಲ್ಲ. ಸಡಿಲ ಖನಿಜಕ್ಕೆ ಗೋದಾಮು ಯಾಕೆ, ಸ್ಕ್ಯಾನರ್ ಯಾಕೆ? ಅದೇ 2009ರ ಏಳನೇ ನಿಯಮದಲ್ಲಿ ಕಮಿಷನರ್ ಕಾರಣ ಬರೆದು ಸಡಿಲಿಕೆ ಕೊಡಬಹುದು. ಆದರೆ ಸುಮ್ನೆ "ಸಡಿಲಿಕೆ ಕೊಡಿ" ಅಂದರೆ ಆಗುವುದಿಲ್ಲ. ಒಂದೊಂದು ಷರತ್ತಿನ ಎದುರು, ಈ ಮಾಲಿಗೆ ಇದು ಯಾಕೆ ಬೇಡ ಎಂದು ಒಂದೊಂದು ಸಾಲು ಬರೆದೆ. ಆ ಸಾಲುಗಳನ್ನು ಯಾವ ಕ್ರಮದಲ್ಲಿ ಇಟ್ಟೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕ್ರಮದಲ್ಲೇ ಅರ್ಧ ಕೆಲಸ ಇದೆ.

ತುಂಡು ಕೇಳಿದ್ದರ ನಿಜವಾದ ಲಾಭ ಬಾಂಡಿನಲ್ಲಿ, ಅಂದರೆ ಮಾಲು ಇಟ್ಟುಕೊಳ್ಳುವವರು ಕಸ್ಟಮ್ಸಿಗೆ ಬರೆದುಕೊಡುವ ಜವಾಬ್ದಾರಿ ಪತ್ರದಲ್ಲಿ, ಸಿಕ್ಕಿತು. ದಾಸ್ತಾನಿರುವ ಮಾಲಿನ ಸರಾಸರಿ ಸುಂಕದಷ್ಟು ಬಾಂಡ್, ಆ ಸುಂಕದ ಶೇ. 10ರಷ್ಟು ಬ್ಯಾಂಕ್ ಗ್ಯಾರಂಟಿ. ಮೊದಲು 30 ದಿನದ ದಾಸ್ತಾನಿನ ಲೆಕ್ಕ ಇತ್ತು, 2016ರಲ್ಲಿ 10 ದಿನಕ್ಕೆ ಇಳಿಸಿದರು. ಹಳೇ ಅರ್ಜಿಯಲ್ಲಿ ಜಗತ್ತಿನ ಮಾಲೆಲ್ಲ ಇತ್ತು, ಲೆಕ್ಕ ಇನ್ನೂ 30 ದಿನದ್ದೇ. ಗ್ಯಾರಂಟಿ ಒಂದಕ್ಕೇ ನಲವತ್ತು ಲಕ್ಷದ ಮೇಲೆ ಕೂತಿತ್ತು. ಜಿಪ್ಸಂ ಅಗ್ಗದ ಮಾಲು, ಸುಂಕವೂ ಸಣ್ಣದು. ಹತ್ತು ದಿನದ ದಾಸ್ತಾನಿಗೆ ಲೆಕ್ಕ ಹಾಕಿದರೆ ಗ್ಯಾರಂಟಿ ಒಂದು ಲಕ್ಷದೊಳಗೆ ಮುಗಿಯಿತು. ಬ್ಯಾಂಕ್ ಮ್ಯಾನೇಜರು "ಒಂದು ಸೊನ್ನೆ ಬಿಟ್ಟಿದೀರಾ ಸಾರ್?" ಎಂದು ಕೇಳಿದರು. ನಿಮ್ಮ ಸಲಹೆಗಾರರು ಇನ್ನೂ ಹಳೇ 30 ದಿನದ ಲೆಕ್ಕ ಹಾಕುತ್ತಿದ್ದರೆ ಫೀಸಿನ ಬಗ್ಗೆ ಒಮ್ಮೆ ಯೋಚಿಸಿ.

ಇದೆಲ್ಲ ಸರಿಯಿದ್ದರೂ ನನ್ನ ಅರ್ಜಿ ಸಲೀಸಾಗಿ ಹೋಗಲಿಲ್ಲ. ಹಲವು ಸಲ ವಾಪಸ್ ಬಂತು. ಎರಡು ತಕರಾರು ಹೇಳುತ್ತೇನೆ, ಬಾರ್ಜ್ ಕೆಲಸ ಮಾಡುವವರಿಗೆ ಬೇಕಾಗುತ್ತದೆ.

ಮೊದಲನೆಯದು ಲಂಗರಿನದು. ಮಾಲು ಧಕ್ಕೆಯಲ್ಲಿ ಇಳಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕಾಯ್ದೆಯ ಕಣ್ಣಿಗೆ ಅದು ಹಡಗಿನಿಂದ ಬಾರ್ಜಿಗೆ ಬಿದ್ದಾಗಲೇ ಇಳಿಯಿತು. 33ನೇ ಸೆಕ್ಷನ್ ಪ್ರಕಾರ ಅಧಿಕಾರಿಗಳ ಅನುಮತಿ ಇಲ್ಲದೆ, ಒಪ್ಪಿದ ಜಾಗ ಬಿಟ್ಟು ಬೇರೆಲ್ಲೂ ಇಳಿಸುವ ಹಾಗಿಲ್ಲ. ಅಂದರೆ ನಡುನೀರಿನ ಆ ಜಾಗಕ್ಕೂ ಒಪ್ಪಿಗೆ ಬೇಕು. ಸಲಹೆಗಾರರ ಫೈಲಿನಲ್ಲಿ ಇದರ ಸುಳಿವೇ ಇರಲಿಲ್ಲ. ನಾವು ಅಕ್ಷಾಂಶ ರೇಖಾಂಶ ಕೊಟ್ಟು, ಅದರ ಸುತ್ತ ಒಂದು ವೃತ್ತ ಎಳೆದು ಕೊಟ್ಟೆವು. ಕೇಂದ್ರವನ್ನು ಎಲ್ಲಿ ಹಿಡಿದರೆ ಮೀನುಗಾರಿಕೆ ದೋಣಿಗಳ ದಾರಿಗೂ ಅಡ್ಡವಾಗದೆ ಬಾರ್ಜಿನ ಡೀಸೆಲ್ಲೂ ಉಳಿಯುತ್ತದೆ ಎಂಬುದನ್ನು ನಮ್ಮ ಬಾರ್ಜ್ ನಡೆಸುವ ಸಾರಂಗರ ಜೊತೆ ಕೂತು ಕಂಡುಕೊಂಡದ್ದು. ಅದು ನಮ್ಮ ಹತ್ತಿರವೇ ಇರಲಿ. ಆಮೇಲೆ ಪ್ರತಿ ಬಾರ್ಜಿಗೂ ಬೋಟ್ ನೋಟ್ (ಅದರಲ್ಲಿರುವ ಮಾಲಿನ ಚೀಟಿ) ಬೇಕು, 1976ರ ನಿಯಮದಂತೆ. ಹಡಗು ಬಂದ ಮೇಲೆ ಪುಸ್ತಕ ಹುಡುಕುವ ಬದಲು ಮೊದಲೇ ಇಟ್ಟುಕೊಳ್ಳಿ.

ಎರಡನೆಯದು ಗಡಿ. ನಮ್ಮ ಫೈಲು ನಡೆದದ್ದು 1908ರ ಬಂದರು ಕಾಯ್ದೆಯ ಕಾಲದಲ್ಲಿ, 2025ರ ಹೊಸ ಕಾಯ್ದೆ ಬರುವ ಮೊದಲು. ಹಳೇ ಕಾಯ್ದೆಯಲ್ಲಿ ಬಂದರಿನ ಮಿತಿ ದಡದ ಮೇಲೆ ಭರತದ (ಉಬ್ಬರದ) ಗೆರೆಯಿಂದ 50 ಗಜದವರೆಗೆ ಮಾತ್ರ ಬರಬಹುದಿತ್ತು. 50 ಗಜ ಅಂದರೆ 45 ಮೀಟರು ಚಿಲ್ಲರೆ. ನಮ್ಮ ಜಿಪ್ಸಂ ರಾಶಿ ಹಾಕುವ ಜಾಗ ಅದಕ್ಕಿಂತ ಹಿಂದೆ. "ಬಂದರಿನ ಹೊರಗಿರುವ ಜಾಗ ಕಸ್ಟಮ್ಸ್ ಪ್ರದೇಶ ಹೇಗಾಗುತ್ತದೆ?" ಎಂದು ಕಸ್ಟಮ್ಸಿನವರು ಫೈಲಿನ ಅಂಚಿನಲ್ಲಿ ಬರೆದು ಕಳಿಸಿದರು. ನಮ್ಮವರೆಲ್ಲ ಕೈ ಚೆಲ್ಲಿದರು. ಇದಕ್ಕೆ ಉತ್ತರ ಕಸ್ಟಮ್ಸ್ ಕಾಯ್ದೆಯ ಎರಡನೇ ಸೆಕ್ಷನ್ನಿನ 11ನೇ ಉಪವಾಕ್ಯದಲ್ಲಿದೆ. ಕ್ಲಿಯರ್ ಆಗುವ ಮೊದಲು ಮಾಲನ್ನು ಸಾಮಾನ್ಯವಾಗಿ ಇಡುವ ಜಾಗವೂ ಕಸ್ಟಮ್ಸ್ ಪ್ರದೇಶವೇ. ಎರಡು ಸಾಲಿನ ಉತ್ತರ ಕೊಟ್ಟೆ, ತಕರಾರು ಬಿದ್ದುಹೋಯಿತು. ಈ ಒಂದು ಉತ್ತರದ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಗಡಿಯ ಕಲ್ಲು ನೆಡುವಾಗ ಮಾತ್ರ ಕಾನೂನಿನ ಪುಸ್ತಕ ಉಪಯೋಗಕ್ಕೆ ಬರಲಿಲ್ಲ. ನಕ್ಷೆಯಲ್ಲಿ ಉತ್ತರದ ಬೇಲಿ ನೇರ ಗೆರೆ. ನೆಲದ ಮೇಲೆ ಅದೇ ಜಾಗದಲ್ಲಿ ಮೀನುಗಾರರು ದೋಣಿಗೆ ಹೋಗುವ ಕಾಲುದಾರಿ, ಪಕ್ಕದಲ್ಲಿ ಬಲೆ ಹರವುವ ಮರಳು. ಗುಂಡಿ ತೋಡಲು ಜನ ಬಂದ ದಿನ ಒಬ್ಬರು ಹಿರಿಯರು ಬುಟ್ಟಿ ಕೆಳಗಿಟ್ಟು, "ತಮಾ, ನಿನ್ನ ಬೇಲಿ ನೀನು ಕಟ್ಟು. ನಮ್ಮ ದಾರಿ ಕಟ್ಟಬೇಡ" ಅಂದರು. ಜಗಳದ ದನಿ ಅಲ್ಲ. ಗುತ್ತಿಗೆದಾರ ಪೊಲೀಸರನ್ನು ಕರೆಸೋಣ ಅಂದ. ನಾನು ಬೇಲಿಯನ್ನು ನಾಲ್ಕು ಮೀಟರು ಒಳಗೆ ತಂದೆ. ನಕ್ಷೆ ಮತ್ತೆ ಬರೆಸಲು ಮೂವತ್ತು ಸಾವಿರದಷ್ಟು ಖರ್ಚು. ಕಸ್ಟಮ್ಸ್ ಪ್ರದೇಶದ ಒಳಗೆ ಜನರ ಹಾದಿ ಉಳಿದಿದ್ದರೆ ಗೇಟು, ಪಾಸು, ಕಾವಲು ಎಂದು ಜೀವನಪೂರ್ತಿ ಗೋಳು. ಆ ಹಿರಿಯರ ಮಗನೇ ಈಗ ನಮ್ಮ ರಾತ್ರಿ ಕಾವಲಿಗೆ ಇದ್ದಾನೆ. ಸಮುದ್ರದ ಕಡೆಯ ಗಡಿಗೆ "ಪಶ್ಚಿಮಕ್ಕೆ ಸಮುದ್ರ" ಎಂದು ಬರೆದರೆ ಸಾಲದು. ಧಕ್ಕೆಯ ಫೆಂಡರ್ (ಬಾರ್ಜ್ ಬಂದು ತಾಗುವ ಮೆತ್ತೆ) ಗೆರೆಯನ್ನೇ ಗಡಿ ಎಂದು ಹೇಳಿ, ಎರಡು ತುದಿಗೂ ಅಕ್ಷಾಂಶ ರೇಖಾಂಶದ ಅಂಕಿ ಕೊಡಿ.

ಲಾರಿ ತೂಗುವ ವೇಬ್ರಿಜ್ ಕಥೆ ಬೇರೆ. 60 ಟನ್ನಿನದು, ಒಂಬತ್ತು ಲಕ್ಷದ ಆಸುಪಾಸು. ಉಪ್ಪು ಗಾಳಿಗೆ ಮೊದಲ ಸೀಸನ್ನಿನಲ್ಲೇ ವಯರುಗಳು ಸೇರುವ ಜಂಕ್ಷನ್ ಬಾಕ್ಸಿನ ಒಳಗೆ ಹಸಿರು ಪುಡಿ. ತೂಕ ಬೆಳಿಗ್ಗೆ ಒಂದು, ಸಂಜೆ ಒಂದು. ಮಾರಿದವರು ಬೋರ್ಡ್ ಬದಲಿಸಿ ಬಿಲ್ಲು ಕೊಟ್ಟರು, ತಿಂಗಳೊಳಗೆ ಅದೇ ಹಾಡು. ಕೊನೆಗೆ ಸ್ಟೀಲ್ ಬಾಕ್ಸ್ ಹಾಕಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಕೇಬಲ್ ಬಾಯಿಗೆ ಗ್ರೀಸು ತುಂಬಿದೆವು. ಪೊಟ್ಟಣ ಬಣ್ಣ ಬದಲಾದರೆ ಬೇರೆ ಇಡುತ್ತೇವೆ. ಆಮೇಲೆ ತೊಂದರೆ ಇಲ್ಲ.

ತೂಕ ಸರಿಹೋದ ಮೇಲೆ ಇನ್ನೊಂದು ವಿಚಿತ್ರ. ಹಡಗು ಎಷ್ಟು ಮುಳುಗಿದೆ ಎಂದು ನೋಡಿ ಮಾಲಿನ ತೂಕ ಲೆಕ್ಕ ಹಾಕುವ ಡ್ರಾಫ್ಟ್ ಸರ್ವೆಗಿಂತ ಗೇಟಿನ ತೂಕ ಜಾಸ್ತಿ ಬರತೊಡಗಿತು. ಕಡಿಮೆ ಬಂದರೆ ಸೋರಿತು, ಹಾರಿತು ಅನ್ನಬಹುದು. ಜಾಸ್ತಿ ಬಂದರೆ ಏನನ್ನುವುದು? ಹಡಗಿನ ಮಾಲಿನ ಪಟ್ಟಿಗಿಂತ (ಮ್ಯಾನಿಫೆಸ್ಟ್) ಹೆಚ್ಚು ಮಾಲು ಎಲ್ಲಿಂದ ಬಂತು ಎಂದು ಕೇಳೇ ಕೇಳುತ್ತಾರೆ, ಅಲ್ವಾ? ನನಗೆ ಧೂಳಿಗೆ ಹೊಡೆಯುವ ನೀರಿನ ಮೇಲೆ ಅನುಮಾನ. ಒಂದು ಭಾನುವಾರ ಕೆಲವು ಟಿಪ್ಪರ್‌ಗಳನ್ನು ಒಣ ರಾಶಿಯಿಂದ ತುಂಬಿ ತೂಗಿಸಿದೆ, ಆಮೇಲೆ ಅವಕ್ಕೇ ನೀರು ಹೊಡೆಸಿ ಮತ್ತೆ ತೂಗಿಸಿದೆ. ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು ಏರಿತು. ಡ್ರೈವರುಗಳು ನಕ್ಕರು. ಆ ಚೀಟಿಗಳನ್ನು ಪಿನ್ ಮಾಡಿ ಕೊಟ್ಟೆ, ಅಧಿಕಾರಿಗಳು ಒಪ್ಪಿದರು. ಈಗ ನೀರು ಹೊಡೆದ ಹೊತ್ತನ್ನೂ ಗೇಟು ಪುಸ್ತಕದಲ್ಲಿ ಬರೆಯುತ್ತೇವೆ. ಸುಂಕದ ಲೆಕ್ಕ ಡ್ರಾಫ್ಟ್ ಸರ್ವೆಯಂತೆ, ಗೇಟಿನ ತೂಕ ಲಾರಿ ಬಾಡಿಗೆಗೆ.

ಸಿಬ್ಬಂದಿ ಖರ್ಚಿನಲ್ಲಿ ಹಲವರು ಮುಳುಗಿದ್ದಾರೆ. ಕಾಯಂ ಅಧಿಕಾರಿಗಳನ್ನು ಕೇಳಿದರೆ ಕಾಸ್ಟ್ ರಿಕವರಿ. ಅವರ ಸಂಬಳದ ಶೇ. 185, ಮೂರು ತಿಂಗಳದ್ದು ಮುಂಗಡ. ಮಳೆಗಾಲದಲ್ಲಿ ಒಂದೂ ಹಡಗಿಲ್ಲದೆ ಅದನ್ನು ಕಟ್ಟುತ್ತಾ ಕೂತರೆ ಧಕ್ಕೆ ಮಾರಬೇಕಾಗುತ್ತದೆ. ನಾವು ಹಡಗು ಬಂದಾಗ ಮಾತ್ರ 1998ರ ನಿಯಮದಂತೆ ಓವರ್‌ಟೈಂ ಫೀಸು ಕಟ್ಟಿ ಅಧಿಕಾರಿಗಳನ್ನು ಕರೆಸಿಕೊಳ್ಳುತ್ತೇವೆ ಎಂದು ಕೇಳಿದೆವು. ವರ್ಷಕ್ಕೆ ಬೆರಳೆಣಿಕೆಯ ಹಡಗು ಎಂದು ಅರ್ಜಿಯಲ್ಲೇ ಬರೆದಿದ್ದೆವು, ಹಾಗಾಗಿ ಒಪ್ಪಿದರು. ದೊಡ್ಡ ದೊಡ್ಡ ಅಂಕಿ ಬರೆದು ಮೆರೆದವರಿಗೆ ಈ ದಾರಿ ಮುಚ್ಚಿಹೋಗುತ್ತದೆ. ಬೇಲಿ, ವೇಬ್ರಿಜ್, ಎಸಿ ಹಾಕಿದ ಕಸ್ಟಮ್ಸ್ ಕೋಣೆ, ಕ್ಯಾಮೆರಾ, ದೀಪ ಎಲ್ಲ ಸೇರಿ ನಮ್ಮದು ಐವತ್ತೈದು ಲಕ್ಷದ ಹತ್ತಿರ ನಿಂತಿತು. ಸಲಹೆಗಾರರ ಹಳೇ ಫೀಸು ಇದರಲ್ಲಿ ಸೇರಿಲ್ಲ. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮಾಲಿನ ಪಟ್ಟಿ ಬೆಳೆಸಲು ಹೋಗಿ ಎರಡು ಕಡೆ ತಡೆ ಬಿತ್ತು. ಮರದ ದಿಮ್ಮಿ ತರೋಣ ಎಂದು ಒಬ್ಬರು ಬಂದರು, ಒಳ್ಳೆ ದರ. ಆದರೆ ಕಸ್ಟಮ್ಸ್ ಒಪ್ಪಿದರೆ ಮುಗಿಯಲಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪಟ್ಟಿಯಲ್ಲೂ ಬಂದರಿನ ಹೆಸರು ಬೇಕು. ಮಂಗಳೂರು ಇದೆ, ನಾವಿಲ್ಲ. ಇನ್ನೊಂದು ಕಾಕಂಬಿ ರಫ್ತು. ಟ್ಯಾಂಕಿಗೆ ಕೊಟೇಶನ್ ತರಿಸಿ ಆಗಿತ್ತು. 2024ರ ಜನವರಿಯಲ್ಲಿ ಕಾಕಂಬಿ ಮೇಲೆ ಶೇ. 50 ರಫ್ತು ಸುಂಕ ಹಾಕಿದರು. ಸಕ್ಕರೆ ಕಾರ್ಖಾನೆಯವರು ಫೋನು ಎತ್ತುವುದನ್ನೇ ಬಿಟ್ಟರು. ಸದ್ಯ, ಅಡ್ವಾನ್ಸ್ ಕೊಟ್ಟಿರಲಿಲ್ಲ.

ಈಗ ಸುಣ್ಣದ ಕಲ್ಲು ಸೇರಿಸಲು ಕೇಳಿದ್ದೇನೆ. ಅದೇ ಗಡಿ, ಅದೇ ಬೇಲಿ, ಅದೇ ಸಡಿಲ ಖನಿಜ. ಜಿಪ್ಸಂ ರಾಶಿಗೆ ಬೆರೆಯದಂತೆ ನಡುವೆ ಎದೆ ಎತ್ತರದ ಕಾಂಕ್ರೀಟ್ ಬ್ಲಾಕ್ ಸಾಲು ತೋರಿಸಿ ಎಂದಿದ್ದಾರೆ. ಬ್ಲಾಕ್ ಎರಕ ನಡೆಯುತ್ತಿದೆ. ಮಳೆ ಬರುವುದರೊಳಗೆ ಆದೇಶ ಕೈಗೆ ಸಿಕ್ಕರೆ ಸೆಪ್ಟೆಂಬರ್ ಕೊನೆಗೆ ಮೊದಲ ಬಾರ್ಜ್ ತರುವ ಲೆಕ್ಕ.